ಮಿಷನ್ ಕೊಳ್ಳುವ ಮೊದಲು ಕ್ಯೂ ನೋಡಿ

(ಈಚೆಗೆ ತುಮಕೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಎದುರಿಗೆ ಅಡಿಕೆ, ತೆಂಗು ಬೆಳೆಯುವವರು, ಕೆಲಸದಿಂದ ನಿವೃತ್ತರಾದವರು, ಒಂದಿಷ್ಟು ಎಂಜಿನಿಯರಿಂಗ್ ಹುಡುಗರು ಕೂತಿದ್ದರು. ಮಾತು ಅಡ್ಡದಾರಿ ಹಿಡಿದ ಕಡೆ ಹಾಗೇ ಬಿಟ್ಟಿದ್ದೇನೆ.)

ನನಗೆ ಕೊಟ್ಟ ವಿಷಯ, ನಮ್ಮ ದೇಶದ ಯಂತ್ರ ಮತ್ತು ಲೋಹದ ಕೆಲಸದ ಉದ್ಯಮದಲ್ಲಿ ದುಡ್ಡು ಹೂಡುವುದು. ನಮ್ಮ ಜನಕ್ಕೆ ಹೂಡಿಕೆ ಅಂದರೆ ಸೈಟು, ಚಿನ್ನ, ಈಚೆಗೆ ಮ್ಯೂಚುವಲ್ ಫಂಡು. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮಿಷನ್ನಿಗೆ ದುಡ್ಡು ಹಾಕುವವರು ಕಡಿಮೆ. ಹಾಕಿದವರಲ್ಲಿ ಕೈ ಸುಟ್ಟುಕೊಂಡವರು ಜಾಸ್ತಿ. ನಾನೂ ಸುಟ್ಟುಕೊಂಡಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಷೆಡ್, ಅಂದರೆ ಸಣ್ಣ ವರ್ಕ್‌ಶಾಪ್, ನಡೆಸಿದವನು ನಾನು. ಹಾಗಾಗಿ ನಾನು ಹೇಳುವುದು ಷೆಡ್ಡಿನ ಬಾಗಿಲಿಂದ ಕಂಡದ್ದು.

ಮೊದಲು ಒಂದು ಮಾತು. ಈ ಉದ್ಯಮ ನಮಗೆ ಹೊರಗಿನದಲ್ಲ. ಕಿರ್ಲೋಸ್ಕರ್ ಹೆಸರು ಕೇಳಿದರೆ ಪುಣೆ ನೆನಪಾಗುತ್ತೆ, ಅಲ್ವಾ? ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. ಅದೂ ಸೈಕಲ್ ಅಂಗಡಿ. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಅಂತ ರೈತರು ಹತ್ತಿರಕ್ಕೂ ಬರಲಿಲ್ಲವಂತೆ. ಮೊದಲ ನೇಗಿಲು ಮಾರುವುದಕ್ಕೆ ಎರಡು ವರ್ಷ ಹಿಡಿಯಿತು ಅನ್ನುತ್ತಾರೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡತೊಡಗಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಗೆ ಎಚ್‌ಎಂಟಿ ಬಂತು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿ ಜತೆ ಸೇರಿ ಸರ್ಕಾರ ಕಟ್ಟಿದ ಕಾರ್ಖಾನೆ ಅದು. ನಮಗೆ ಎಚ್‌ಎಂಟಿ ಅಂದರೆ ಕೈಗಡಿಯಾರ. ಹೆಸರಿನಲ್ಲೇ ಇರುವ ಮಿಷನ್ ಟೂಲ್ಸ್, ಅಂದರೆ ಲೋಹ ಕತ್ತರಿಸಿ ಪಾರ್ಟು ಮಾಡುವ ಮಿಷನ್‌ಗಳು, ಮರೆತೇ ಹೋಗಿವೆ. ಇಂಥ ಮಿಷನ್‌ಗಳನ್ನೇ ಮಾಡುವ ಕಂಪನಿಗಳಾದ ಭಾರತ್ ಫ್ರಿಟ್ಜ್ ವರ್ನರ್ 1961ರಲ್ಲಿ, 1979ರಲ್ಲಿ ಪೀಣ್ಯದಲ್ಲಿ ಏಸ್ ಡಿಸೈನರ್ಸ್ ಶುರುವಾದವು. ಹರಿಹರದ ಕಾರ್ಖಾನೆ ಮುಚ್ಚಿತು, ಎಚ್‌ಎಂಟಿ ಸೊರಗಿತು. ಆದರೆ ಅಲ್ಲಿ ಕೈ ಪಳಗಿಸಿಕೊಂಡವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಪೀಣ್ಯದ ಎಷ್ಟೋ ಷೆಡ್ಡುಗಳ ಹಿಂದೆ ಜಾಲಹಳ್ಳಿಯಲ್ಲಿ ಕಲಿತ ಒಬ್ಬ ಫಿಟ್ಟರೋ ಟರ್ನರೋ ಇದ್ದಾನೆ. ನನಗೆ ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಿದವರೂ ಅಲ್ಲಿಂದ ಬಂದವರೇ.

ಈಗ ದೇಶದ ಲೆಕ್ಕ. ಭಾರತ ಕೊಳ್ಳುವ ಮಿಷನ್ ಟೂಲ್‌ಗಳಲ್ಲಿ ಹೆಚ್ಚು ಕಡಿಮೆ ಅರ್ಧ ಹೊರಗಿಂದ ಬರುತ್ತೆ. ಜಪಾನ್, ಜರ್ಮನಿ, ತೈವಾನ್, ಚೀನಾ, ಕೊರಿಯಾ. ಇಲ್ಲೇ ತಯಾರಾದ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಓಡುವ ಮಿಷನ್ನಿನ ಬಾಗಿಲು ತೆಗೆದು ನೋಡಿ. ಮಿಷನ್ನಿನ ಅಡಿಪಾಯದಂಥ ಎರಕದ ಬೆಡ್ ನಮ್ಮದು, ಬೆಳಗಾವಿಯದೋ ಕೊಲ್ಹಾಪುರದ್ದೋ ಕೊಯಮತ್ತೂರಿನದೋ ಇರುತ್ತೆ. ಮಿಷನ್ನನ್ನು ನಡೆಸುವ ಮೇಲಿನ ಕಂಟ್ರೋಲರ್ ಜಪಾನಿನ ಫಾನುಕ್, ಇಲ್ಲವೇ ಮಿತ್ಸುಬಿಷಿ, ಇಲ್ಲವೇ ಜರ್ಮನಿಯ ಸೀಮೆನ್ಸ್. ಭಾಗಗಳನ್ನು ಅಳತೆಗೆ ಸರಿಯಾಗಿ ಸರಿಸುವ ಒಳಗಿನ ಬಾಲ್ ಸ್ಕ್ರೂ, ಲೀನಿಯರ್ ಗೈಡ್ ಕೂಡ ಬಹುಪಾಲು ಹೊರಗಿನವೇ. ಭಾಷಣ ಮಾಡುವವರು ಇದನ್ನು ತೋರಿಸಿ, "ನೋಡಿ ಎಷ್ಟು ದೊಡ್ಡ ಅವಕಾಶ" ಅನ್ನುತ್ತಾರೆ. ಅವಕಾಶ ಹೌದು. ಆದರೆ ಕಂಟ್ರೋಲರ್ ಮಾಡುವುದಕ್ಕೆ ನೂರಾರು ಕೋಟಿ ಬೇಕು, ಹತ್ತು ಹದಿನೈದು ವರ್ಷ ಕಾಯುವ ತಾಳ್ಮೆ ಬೇಕು. ಅದು ಸರ್ಕಾರ, ದೊಡ್ಡ ಕಂಪನಿಗಳ ಕೆಲಸ. ಇಲ್ಲಿ ಕೂತವರ ಹತ್ತಿರ ಇರುವುದು ನಲವತ್ತು ಲಕ್ಷದಿಂದ ಮೂರು ನಾಲ್ಕು ಕೋಟಿ ಅಂದುಕೊಂಡಿದ್ದೇನೆ. (ಇಲ್ಲಿ ಯಾರೋ ಜೋರಾಗಿ ನಕ್ಕರು.) ಸರಿ, ಐದು ಲಕ್ಷ ಇದ್ದವರಿಗೂ ಒಂದು ಮಾತಿದೆ, ಆಮೇಲೆ.

ಇಷ್ಟು ದುಡ್ಡು ಇರುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ಸಿಎನ್‌ಸಿ ಲೇತ್ ತಗೊಂಡು ಜಾಬ್ ವರ್ಕ್, ಅಂದರೆ ಬೇರೆಯವರ ಪಾರ್ಟುಗಳನ್ನು ಗಂಟೆ ಲೆಕ್ಕದಲ್ಲಿ ಮಾಡಿಕೊಡುವ ಕೆಲಸ, ಶುರು ಮಾಡುತ್ತಾರೆ. ಮಿಷನ್ನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಒಡೆದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಲೆಕ್ಕ ಹಾಕೋಣ ಬನ್ನಿ. ನಿಮ್ಮ ಊರಿನ ದರ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು, ದಾರಿ ಮಾತ್ರ ಇದೇ.

ಮಿಷನ್, ಟೂಲ್ ಹೋಲ್ಡರ್‌ಗಳು, ಕಂಪ್ರೆಸರ್, ಸ್ಟೆಬಿಲೈಸರ್, ವೈರಿಂಗ್ ಎಲ್ಲ ಸೇರಿ 30 ಲಕ್ಷ ಅಂತಿಟ್ಟುಕೊಳ್ಳಿ. ಕೈಯಿಂದ 6 ಲಕ್ಷ, ಬ್ಯಾಂಕಿನಿಂದ 24 ಲಕ್ಷ. ಶೇ 11 ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 52,000. ಎರಡು ಪಾಳಿಗೆ ಇಬ್ಬರು ಆಪರೇಟರ್, ಪಿಎಫ್ ಇಎಸ್‌ಐ ಸೇರಿ 40,000. ಷೆಡ್ಡಿನ ಬಾಡಿಗೆಯಲ್ಲಿ ಆ ಮಿಷನ್ನಿನ ಪಾಲು 10,000. ಜಾಬ್ ವರ್ಕ್ ದರ ಗಂಟೆಗೆ 400 ಅಂತ ಹಿಡಿಯೋಣ. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ, ಅಂದರೆ 400 ಗಂಟೆ. ಆದರೆ ಮಿಷನ್ ಅಷ್ಟೂ ಹೊತ್ತು ಲೋಹ ಕತ್ತರಿಸುವುದಿಲ್ಲ. ಸೆಟ್ಟಿಂಗ್, ಟೂಲ್ ಬದಲಿಸುವುದು, ಮೆಟೀರಿಯಲ್ ಬರಲಿಲ್ಲ, ಕರೆಂಟ್ ಹೋಯಿತು, ಆಪರೇಟರ್ ಅಕ್ಕನ ಮದುವೆ. ಕತ್ತರಿಸುವುದು 280 ಗಂಟೆ. ಆದಾಯ 1,12,000. ಕಂತು, ಸಂಬಳ, ಬಾಡಿಗೆ ಸೇರಿ 1,02,000 ಆಯಿತು. ಕರೆಂಟು ಗಂಟೆಗೆ ಆರು ಯೂನಿಟ್, ಯೂನಿಟ್‌ಗೆ 8 ರೂಪಾಯಿ ಅಂದರೂ 13,400. ಲೋಹ ಕತ್ತರಿಸುವ ತುದಿಯಾದ ಇನ್ಸರ್ಟ್, ತಂಪು ಮಾಡುವ ಕೂಲಂಟ್, ಎಣ್ಣೆ 10,000. ಒಟ್ಟು ಖರ್ಚು ಒಂದೂಕಾಲು ಲಕ್ಷ ದಾಟಿತು. ತಿಂಗಳಿಗೆ 13,000 ಕೈಯಿಂದ ಹಾಕಬೇಕು. ಇದರಲ್ಲಿ ನಿಮ್ಮ ಸಂಬಳ ಇಲ್ಲ. ರಿಜೆಕ್ಷನ್ ಇಲ್ಲ.

ಅದೇ ಮಿಷನ್ 340 ಗಂಟೆ ಓಡಿತು ಅನ್ನಿ. ಆದಾಯ 1,36,000. ಕರೆಂಟು, ಇನ್ಸರ್ಟ್ ಸ್ವಲ್ಪ ಏರುತ್ತೆ. ಕೊನೆಗೆ ಐದಾರು ಸಾವಿರ ಉಳಿಯುತ್ತೆ. ಮೂವತ್ತು ಲಕ್ಷದ ಮಿಷನ್ನಿಗೆ! ಹಾಗಾದರೆ ಜನ ಯಾಕೆ ಮಾಡುತ್ತಾರೆ? ಐದು ವರ್ಷ ಆದ ಮೇಲೆ ಕಂತು ಮುಗಿಯುತ್ತೆ. ಒಳ್ಳೆಯ ಮಿಷನ್ ಆಮೇಲೂ ಹತ್ತು ವರ್ಷ ದುಡಿಯುತ್ತೆ. ಆ 52,000 ಆಗ ನಿಮ್ಮದು. ತೆಂಗಿನ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಂದರೆ ಏನೆಂದರೆ, ತೆಂಗಿನ ಸಸಿಗೆ ಬ್ಯಾಂಕು ಮೊದಲ ತಿಂಗಳಿಂದಲೇ ಕಂತು ಕೇಳುವುದಿಲ್ಲ.

ನನ್ನ ಕಥೆ ಇಲ್ಲಿ ಬರುತ್ತೆ. ಒಂದು ದೊಡ್ಡ ಕಂಪನಿಯ ಪರ್ಚೇಸ್‌ನವರು ಬಂದು ಷೆಡ್ ನೋಡಿದರು, ಕಾಫಿ ಕುಡಿದರು, "ಇನ್ನೊಂದು ವಿಎಂಸಿ ಹಾಕಿ ಸಾರ್, ತಿಂಗಳಿಗೆ ಎರಡು ಸಾವಿರ ಪೀಸ್ ಗ್ಯಾರಂಟಿ" ಅಂದರು. ವಿಎಂಸಿ ಅಂದರೆ ಲೋಹವನ್ನು ಮೇಲಿಂದ ಕೊರೆಯುವ ಸಿಎನ್‌ಸಿ ಮಿಷನ್. ಗ್ಯಾರಂಟಿ ಬರೀ ಬಾಯಿಮಾತು. ನಾನು ಹಾಕಿದೆ. ಮೂರು ತಿಂಗಳಲ್ಲಿ ಆ ಪಾರ್ಟಿನ ಡಿಸೈನ್ ಬದಲಾಯಿತು, ಆರ್ಡರ್ ಬೇರೆ ಊರಿಗೆ ಹೋಯಿತು. ಪರ್ಚೇಸ್‌ನವರೂ ಬೇರೆ ಕಂಪನಿಗೆ ಹೋದರು. ನನ್ನ ವಿಎಂಸಿ ಎಂಟು ತಿಂಗಳು ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಮನೆಯಲ್ಲಿ ಆನೆ ಸಾಕಿದ ಹಾಗೆ. ಕಂತು ಮಾತ್ರ ಒಂದನೇ ತಾರೀಖು ತಪ್ಪದೆ ಹೋಗುತ್ತಿತ್ತು.

ಆ ಎಂಟು ತಿಂಗಳಲ್ಲಿ ನನಗೆ ಕೆಲಸ ಇರಲಿಲ್ಲ, ಹಾಗಾಗಿ ಸುತ್ತಾಡಿದೆ. ಆಗ ಕಂಡದ್ದನ್ನೇ ಇವತ್ತು ಹೇಳಲು ಬಂದಿದ್ದೇನೆ. ಪೀಣ್ಯದಲ್ಲಿ ಸಿಎನ್‌ಸಿ ಇರುವ ಷೆಡ್ ಬೀದಿಗೆ ಹತ್ತು. ಅವರೆಲ್ಲ ಒಬ್ಬರ ದರವನ್ನು ಒಬ್ಬರು ಕಡಿದುಕೊಳ್ಳುತ್ತಾರೆ. ಆದರೆ ಅದೇ ಹತ್ತೂ ಷೆಡ್ಡಿನವರು ಕ್ರೇಟು ಹೊತ್ತುಕೊಂಡು ಕೆಲವು ಬಾಗಿಲುಗಳ ಮುಂದೆ ಕ್ಯೂ ನಿಲ್ಲುತ್ತಾರೆ. ಅಲ್ಲಿ ದರ ಚೌಕಾಸಿ ನಡೆಯುವುದಿಲ್ಲ. "ಯಾವಾಗ ಕೊಡ್ತೀರಾ" ಅಂತ ಮಾತ್ರ ಕೇಳುತ್ತಾರೆ. ದುಡ್ಡು ಹಾಕುವುದಾದರೆ ಆ ಬಾಗಿಲುಗಳ ಒಳಗೆ ಹಾಕಿ.

ಮೊದಲ ಬಾಗಿಲು ಹೀಟ್ ಟ್ರೀಟ್‌ಮೆಂಟಿನದು. ಗೇರು, ಶಾಫ್ಟು, ಪಿನ್ನು, ಎಲ್ಲವೂ ಮೆಷಿನಿಂಗ್ ಆದ ಮೇಲೆ ಗಟ್ಟಿಯಾಗಬೇಕು. ಒಂಬೈನೂರು ಡಿಗ್ರಿ ಮೇಲೆ ಕಾಸಿ, ಕಾರ್ಬನ್ ಕುಡಿಸಿ, ಎಣ್ಣೆಗೆ ಅದ್ದುವ ಕೆಲಸ. ನಮ್ಮ ಹಳೆ ಕಮ್ಮಾರರು ಕುಡುಗೋಲಿಗೆ ನೀರು ಕುಡಿಸುತ್ತಿದ್ದರಲ್ಲ, ಅದರದೇ ಮೊಮ್ಮಗ ಇದು. ಬ್ಯಾಚ್ ಒಳಗಿರುವಾಗ ಕರೆಂಟ್ ಹೋದರೆ ಅಷ್ಟೂ ಮಾಲು ಗುಜರಿಗೆ ಹೋಗಬಹುದು. ಆ ಮಾಲು ನಿಮ್ಮದಲ್ಲ, ಇಪ್ಪತ್ತು ಗಿರಾಕಿಗಳದು. ಹಾಗಾಗಿ ಇದಕ್ಕೆ ಕೈಹಾಕಲು ಜನ ಹೆದರುತ್ತಾರೆ. ಆ ಹೆದರಿಕೆಯಿಂದಲೇ ಒಳಗಿರುವವರಿಗೆ ಪೈಪೋಟಿ ಕಡಿಮೆ. ವಿಮಾನದ ಪಾರ್ಟು ಆದರೆ ನ್ಯಾಡ್‌ಕ್ಯಾಪ್ ಅನ್ನುವ ಸರ್ಟಿಫಿಕೇಟ್ ಬೇಕು. ಅದನ್ನು ಪಡೆಯುವುದಕ್ಕೆ ಬೆವರು ಸುರಿಯಬೇಕು, ಪಡೆದವರ ಬಾಗಿಲಿಗೆ ಗಿರಾಕಿಯೇ ಬರುತ್ತಾನೆ.

ನಿಮ್ಮ ಜಿಲ್ಲೆಗೆ ಇದು ನೇರವಾಗಿ ತಾಗುವ ಮಾತು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ಮಿಷನ್ ಟೂಲ್‌ಗಳಿಗೆ ಅಂತಲೇ ಸುಮಾರು 530 ಎಕರೆಯ ಪಾರ್ಕ್ ಇದೆ. ಅಲ್ಲಿ ನಿವೇಶನ ತಗೊಂಡು ಲೇತ್ ಹಾಕುವ ಯೋಚನೆ ಎಲ್ಲರಿಗೂ ಬರುತ್ತೆ. ಲೇತ್ ಹಾಕಿದವರು ಗಟ್ಟಿ ಮಾಡಿಸಲು ಎಲ್ಲಿಗೆ ಹೋಗುತ್ತಾರೆ, ಲೇಪ ಹಾಕಿಸಲು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದ್ದೀರಾ? ಪ್ರತಿಸಲ ಬೆಂಗಳೂರಿಗೆ ಕ್ರೇಟು ಹೋಗಿ ಬಂದರೆ ಎರಡು ದಿನ, ಒಂದು ಟೆಂಪೋ ಬಾಡಿಗೆ. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಏಕಸ್ ಕಂಪನಿ ಇದನ್ನು ಚೆನ್ನಾಗಿ ಬಿಡಿಸಿತು. ವಿಮಾನದ ಪಾರ್ಟುಗಳ ಮೆಷಿನಿಂಗ್ ಒಂದನ್ನೇ ನೆಚ್ಚಿಕೊಳ್ಳದೆ ಫೋರ್ಜಿಂಗ್ (ಲೋಹ ಕಾಸಿ ಒತ್ತಿ ಆಕಾರ ಕೊಡುವುದು), ಮೇಲ್ಮೈ ಸಂಸ್ಕರಣೆಗಳನ್ನೂ ಒಂದೇ ಆವರಣಕ್ಕೆ ತಂದಿತು. ಫೋರ್ಜಿಂಗಿಗೆ ಫ್ರೆಂಚ್ ಕಂಪನಿ, ಮೇಲ್ಮೈ ಕೆಲಸಕ್ಕೆ ಕೆನಡಾದ ಕಂಪನಿ ಜತೆಗೂಡಿದವು. ಅದಕ್ಕೆ ಮುಂಚೆ ಎಷ್ಟೋ ಪಾರ್ಟುಗಳು ಇಂಥ ಒಂದು ಕೆಲಸಕ್ಕೆ ಅಂತಲೇ ಕಡಲು ದಾಟಿ ಹೋಗಿ ಬರಬೇಕಿತ್ತು.

ಪ್ಲೇಟಿಂಗ್, ಅಂದರೆ ಲೋಹದ ಲೇಪ ಹಾಕುವ ಕೆಲಸದ ಬಗ್ಗೆ ಎಚ್ಚರಿಕೆ. ಕ್ಯೂ ಅಲ್ಲೂ ಇದೆ. ಆದರೆ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಗುಟ್ಟೇನಲ್ಲ. ಕೊಳಚೆ ಶುದ್ಧೀಕರಣಕ್ಕೆ ದುಡ್ಡು ಇಡದೆ ಪ್ಲೇಟಿಂಗಿಗೆ ಬರುವವರು ದಯವಿಟ್ಟು ಬರಬೇಡಿ. ನಾಲ್ಕಾರು ಜನ ಸೇರಿ ಮೊದಲು ಶುದ್ಧೀಕರಣ ಘಟಕ ಕಟ್ಟಿ, ತೊಟ್ಟಿಗಳನ್ನು ಆಮೇಲೆ ಇಡುವುದಾದರೆ ಅದು ಒಳ್ಳೆಯ ವ್ಯಾಪಾರ.

ಎರಡನೆಯ ಬಾಗಿಲು ನನಗೆ ಇಷ್ಟದ್ದು, ಅಳತೆ. 50 ಮಿಲಿಮೀಟರ್ ದಪ್ಪದ ಶಾಫ್ಟ್ ಇದೆ. ಡ್ರಾಯಿಂಗಿನಲ್ಲಿ ಎಚ್6 ಅಂತ ಬರೆದಿದೆ. ಅಂದರೆ ಅಳತೆಯಲ್ಲಿ ನಿಮಗೆ ಓಡಾಡಲು ಇರುವ ಜಾಗ 16 ಮೈಕ್ರಾನ್, ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನಾರು. ತಲೆಕೂದಲಿನ ನಾಲ್ಕನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಜಗತ್ತಿನಲ್ಲಿ ಎಲ್ಲರೂ ಅಳತೆಯನ್ನು 20 ಡಿಗ್ರಿಗೆ ಲೆಕ್ಕ ಇಡುತ್ತಾರೆ. ನಿಮ್ಮ ಶೀಟಿನ ಷೆಡ್ಡಿನಲ್ಲಿ ಮಧ್ಯಾಹ್ನ 30 ಡಿಗ್ರಿ. ಆ ಹತ್ತು ಡಿಗ್ರಿಗೆ ಶಾಫ್ಟ್ ಸುಮಾರು 6 ಮೈಕ್ರಾನ್ ಉಬ್ಬಿರುತ್ತೆ. ಹದಿನಾರರಲ್ಲಿ ಆರು ಬಿಸಿಲಿಗೇ ಹೋಯಿತು! ನೀವು ಸರಿ ಅಂತ ಕಳಿಸಿದ ಮಾಲು ಗಿರಾಕಿಯ ಎಸಿ ರೂಮಿನಲ್ಲಿ ರಿಜೆಕ್ಟ್ ಆಗಿ ವಾಪಸ್ ಬರುತ್ತೆ. ನನಗೆ ಹೀಗೆ ಬಂದ ಮೊದಲ ಲಾಟನ್ನು ಹಿಡಿದುಕೊಂಡು ಗಿರಾಕಿಯ ಗೇಟಿನಲ್ಲಿ ಜಗಳ ಆಡಿದ್ದೆ. ತಪ್ಪು ನನ್ನದೇ ಆಗಿತ್ತು. ಹಾಗಾಗಿ ಸಣ್ಣ ಊರಿನಲ್ಲೂ ಒಂದು ತಣ್ಣನೆಯ ರೂಮು, ಒಂದು ಸಿಎಂಎಂ ಅನ್ನುವ ಅಳತೆ ಮಿಷನ್, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಒಪ್ಪಿದ ಕ್ಯಾಲಿಬ್ರೇಷನ್ ಲ್ಯಾಬ್ ಬೇಕು. ಗೇಜು, ವರ್ನಿಯರ್, ಮೈಕ್ರೋಮೀಟರ್ ಎಲ್ಲವನ್ನೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಲೇಬೇಕು, ಆಡಿಟ್‌ನಲ್ಲಿ ಕೇಳುತ್ತಾರೆ. ಗಿರಾಕಿ ವರ್ಷ ವರ್ಷ ತಾನಾಗಿ ಬರುತ್ತಾನೆ. ಎಣ್ಣೆ ಕೈ ಇಲ್ಲದ, ಮೇಷ್ಟ್ರ ಕೆಲಸದಂಥ ವ್ಯಾಪಾರ ಇದು. ಇಲ್ಲಿರುವ ನಿವೃತ್ತ ಮೇಷ್ಟ್ರುಗಳು ಗಮನಿಸಬೇಕು.

ಮೂರನೆಯದು ಟೂಲ್. ನಾವು ಬಳಸುವ ಇನ್ಸರ್ಟ್, ತಿರುಗುತ್ತ ಕತ್ತರಿಸುವ ಎಂಡ್‌ಮಿಲ್ ಬಹುಪಾಲು ಕಾರ್ಬೈಡ್ ಅನ್ನುವ ತುಂಬಾ ಗಟ್ಟಿ ವಸ್ತುವಿನವು. ಕಾರ್ಬೈಡಿಗೆ ಟಂಗ್‌ಸ್ಟನ್ ಬೇಕು. ಅದರ ಬಹುಪಾಲು ಚೀನಾದಿಂದ ಬರುತ್ತೆ. 2025ರ ಫೆಬ್ರುವರಿಯಲ್ಲಿ ಚೀನಾ ಅದರ ರಫ್ತಿಗೆ ಹಿಡಿತ ಹಾಕಿತು. ಆಮೇಲೆ ಬೆಲೆ ಏರಿದ್ದನ್ನು ಟೂಲ್ ಅಂಗಡಿಗೆ ಹೋದವರೆಲ್ಲ ನೋಡಿದ್ದಾರೆ. ಆದರೂ ನಮ್ಮ ಷೆಡ್ಡುಗಳಲ್ಲಿ ಒಮ್ಮೆ ಮೊಂಡಾದ ಎಂಡ್‌ಮಿಲ್ ಡಬ್ಬಿಗೆ ಹೋಗುತ್ತೆ. ಅದನ್ನು ಮೂರು ನಾಲ್ಕು ಸಲ ಸಾಣೆ ಹಿಡಿದು, ಮತ್ತೆ ಕೋಟಿಂಗ್ ಮಾಡಿ ಬಳಸಬಹುದು. ಇದಕ್ಕೆ ಸಿಎನ್‌ಸಿ ಟೂಲ್ ಗ್ರೈಂಡರ್ ಬೇಕು, ಹೊಸದಾದರೆ ಕೋಟಿ ದಾಟುತ್ತೆ, ಮೂವರು ನಾಲ್ವರು ಸೇರಿ ಹಾಕಬಹುದು. ಐದು ಲಕ್ಷದವರು ಎಲ್ಲಿದ್ದೀರಿ? ಹಳೆ ಇನ್ಸರ್ಟ್‌ಗಳನ್ನು ಕೆಜಿ ಲೆಕ್ಕದಲ್ಲಿ ಕೊಂಡು, ಗ್ರೇಡ್ ಪ್ರಕಾರ ಬೇರ್ಪಡಿಸಿ, ರೀಸೈಕಲ್ ಮಾಡುವವರಿಗೆ ಕೊಡುವ ವ್ಯಾಪಾರ ನೋಡಿ. ಗುಜರಿ ಅಂತ ಮುಖ ತಿರುಗಿಸಬೇಡಿ. ಷೆಡ್ ಮಾಲೀಕನಿಗೆ ತನ್ನ ಡಬ್ಬಿಯಲ್ಲಿ ಎಷ್ಟು ದುಡ್ಡಿದೆ ಅಂತ ಗೊತ್ತಿರುವುದಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರು ನಾವು.

ಇನ್ನೊಂದು ಇದೆ, ಅದಕ್ಕೆ ಪಳಗಿದ ಕೈ ಸಿಗುವುದಿಲ್ಲ. ಹಳೆ ಮಿಷನ್‌ಗಳ ರೀಕಂಡೀಷನಿಂಗ್, ಅಂದರೆ ಸವೆದದ್ದನ್ನು ಮತ್ತೆ ಹೊಸದರ ಹಾಗೆ ಮಾಡುವುದು. ಎಚ್‌ಎಂಟಿಯ ಎನ್‌ಎಚ್ 26 ಲೇತ್‌ಗೆ ಇವತ್ತಿಗೂ ಗಿರಾಕಿ ಇದ್ದಾರೆ. ಯಾಕೆಂದರೆ ಆ ಬೆಡ್. ಆ ಕಾಲದಲ್ಲಿ ಎರಕದ ಬೆಡ್ಡನ್ನು ತಿಂಗಳುಗಟ್ಟಲೆ ಮಳೆ ಬಿಸಿಲಿಗೆ ಬಿಟ್ಟು ಒಳಗಿನ ಬಿಗಿ ಸಡಿಲಿಸುವ ಪದ್ಧತಿ ಇತ್ತು. ಜತೆಗೆ ಈಗ ಐವತ್ತು ವರ್ಷದ ವಯಸ್ಸು. ಅದು ಇನ್ನು ಬಾಗುವುದಿಲ್ಲ. ಬೆಡ್ಡಿನ ಮೇಲೆ ಭಾಗಗಳು ಜಾರಿ ಸವೆದ ದಾರಿಗಳನ್ನು ಗ್ರೈಂಡ್ ಮಾಡಿ, ನೀಲಿ ಬಣ್ಣ ಸವರಿ, ಎಲ್ಲಿ ಎತ್ತರ ಕಾಣುತ್ತೋ ಅಲ್ಲಿ ಕೈಯಿಂದ ಸ್ಕ್ರೇಪ್ ಮಾಡಬೇಕು. ಚದರ ಇಂಚಿಗೆ ಎಷ್ಟು ಚುಕ್ಕಿ ಬಂತು ಅಂತ ಎಣಿಸುತ್ತಾರೆ. ಮೈಕ್ರಾನ್ ಲೆಕ್ಕದ ಕೆಲಸವನ್ನು ಬರಿಗೈಯಲ್ಲಿ ಮಾಡುವವರು ಇನ್ನೂ ಇದ್ದಾರೆ. ನನಗೆ ಗೊತ್ತಿರುವವರೆಲ್ಲ ಅರವತ್ತು ದಾಟಿದವರು. ಯಾರಾದರೂ ದುಡ್ಡು ಹಾಕಿ, ಅಂಥ ಒಬ್ಬರ ಪಕ್ಕ ಇಬ್ಬರು ಹುಡುಗರನ್ನು ಮೂರು ವರ್ಷ ಕೂರಿಸಿದರೆ, ಆಮೇಲೆ ಗುಜರಾತಿನ ರಾಜ್‌ಕೋಟ್‌ನಿಂದಲೂ ಕೆಲಸ ಹುಡುಕಿಕೊಂಡು ಬರುತ್ತೆ. ಮೂರು ವರ್ಷ ಆ ಹುಡುಗರಿಗೆ ಸಂಬಳ ಕೊಡಬೇಕು, ಅಷ್ಟೇ ಕಷ್ಟ. ಮಷೀನಿಗೆ ಸಾಲ ಕೊಡುವ ಬ್ಯಾಂಕು ಹುಡುಗರ ಕೈಗೆ ಸಾಲ ಕೊಡುವುದಿಲ್ಲ.

ಹುಡುಗರ ವಿಷಯ ಬಂತಲ್ಲ. ಬೆಂಗಳೂರಿನ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾಯಿತು, ಈಗ ರಾಜ್ಯದ ಎಷ್ಟೋ ಊರುಗಳಲ್ಲಿದೆ. ಅಲ್ಲಿ ಟೂಲ್ ಅಂಡ್ ಡೈ ಕಲಿತ ಹುಡುಗ ಎಂಜಿನಿಯರಿಂಗ್ ಡಿಗ್ರಿಯವನಿಗಿಂತ ಬೇಗ ಕೆಲಸಕ್ಕೆ ಬರುತ್ತಾನೆ. ಇದನ್ನು ಎಂಜಿನಿಯರಿಂಗ್ ಹುಡುಗರ ಮುಂದೆಯೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಊರಿನಲ್ಲಿ ಷೆಡ್ ಹಾಕಬೇಕು ಅಂತ ಯೋಚಿಸುವಾಗ ಜಾಗದ ಬೆಲೆಗಿಂತ ಮೊದಲು ಹತ್ತಿರದ ಐಟಿಐ, ಜಿಟಿಟಿಸಿಗೆ ಹೋಗಿ ನೋಡಿ.

ಇನ್ನು ದುಡ್ಡು ಸಿಕ್ಕಿಬೀಳುವ ಜಾಗ. ಮಾಲು ಕೊಟ್ಟಾಯಿತು, ಬಿಲ್ ಆಯಿತು, ದುಡ್ಡು ತೊಂಬತ್ತು ದಿನಕ್ಕೆ. ಲಾಭ ಇರುವ ಷೆಡ್ಡುಗಳು ಮುಚ್ಚುವುದು ಇದರಿಂದಲೇ. ಸಣ್ಣ ಉದ್ಯಮಗಳಿಗೆ ಇರುವ 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಕರಾರು ಇದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಆದರೆ ಗಿರಾಕಿ ಮೇಲೆ ಕೇಸು ಹಾಕಿ ಮತ್ತೆ ಅವನ ಹತ್ತಿರವೇ ಆರ್ಡರ್ ಕೇಳುವುದು ಹೇಗೆ? ಕಾನೂನಿಗೆ ಹಲ್ಲು ಬಂದದ್ದು 2024ರ ಏಪ್ರಿಲ್ 1ರಿಂದ. ಸಣ್ಣವರಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡದಿದ್ದರೆ ಕೊಳ್ಳುವ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. ಈಗ ಮಾರ್ಚ್ ತಿಂಗಳಲ್ಲಿ ಅವರೇ ಫೋನ್ ಮಾಡುತ್ತಾರೆ! ಇದು ಸಿಗುವುದು ನಿಮ್ಮದು ಸರ್ಕಾರದ ಲೆಕ್ಕದಲ್ಲಿ ಮೈಕ್ರೋ, ಸ್ಮಾಲ್ ಉದ್ಯಮ ಆಗಿದ್ದರೆ ಮಾತ್ರ. ಅದಕ್ಕೆ ಸರ್ಕಾರದ ಉದ್ಯಮ್ ನೋಂದಣಿ ಮೊದಲ ದಿನವೇ ಮಾಡಿಸಿ. ದೊಡ್ಡ ಕಂಪನಿಗಳ ಬಿಲ್ ಇದ್ದರೆ ಟ್ರೆಡ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಅದನ್ನು ಇಟ್ಟು ಬೇಗ ದುಡ್ಡು ಮಾಡಿಕೊಳ್ಳಬಹುದು.

ಸರ್ಕಾರದ ಯೋಜನೆಗಳ ಬಗ್ಗೆ ಎರಡೇ ಮಾತು. ಅಡಮಾನ ಇಲ್ಲದ ಸಾಲಕ್ಕೆ ಗ್ಯಾರಂಟಿ 2025ರ ಏಪ್ರಿಲ್‌ನಿಂದ 10 ಕೋಟಿ ತನಕ ಏರಿದೆ. ಆದರೂ ಮನೆ ಪತ್ರ ತನ್ನಿ ಅನ್ನುವ ಮ್ಯಾನೇಜರ್ ಸಿಕ್ಕೇ ಸಿಗುತ್ತಾರೆ, ವಾದ ಮಾಡಲು ಸಿದ್ಧರಾಗಿ ಹೋಗಿ. ಇನ್ನೊಂದು, ರಫ್ತು ಮಾಡುವವರಿಗೆ ಇರುವ ಇಪಿಸಿಜಿ ಯೋಜನೆ. ಸುಂಕ ಇಲ್ಲದೆ ಮಿಷನ್ ಆಮದು ಮಾಡಿಕೊಳ್ಳಬಹುದು, ಉಳಿಸಿದ ಸುಂಕದ ಆರು ಪಟ್ಟು ಮಾಲನ್ನು ಆರು ವರ್ಷದಲ್ಲಿ ರಫ್ತು ಮಾಡಬೇಕು. ರಫ್ತಿನ ಆರ್ಡರ್ ಕೈಯಲ್ಲಿ ಇಲ್ಲದೆ ಇದಕ್ಕೆ ಸಹಿ ಹಾಕಬೇಡಿ. ಆರು ವರ್ಷ ಆದ ಮೇಲೆ ಸುಂಕ, ಬಡ್ಡಿ ಎರಡೂ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತವೆ.

ಷೇರಿನ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ರಾಜ್‌ಕೋಟ್‌ನಲ್ಲಿ ಮಿಷನ್ ಟೂಲ್ ಮಾಡುವ ಜ್ಯೋತಿ ಸಿಎನ್‌ಸಿ ಕಂಪನಿ 2024ರ ಜನವರಿಯಲ್ಲಿ 331 ರೂಪಾಯಿಗೆ ಷೇರು ಬಿಟ್ಟಾಗಿನಿಂದ ಈ ಪ್ರಶ್ನೆ ಎಲ್ಲ ಕಡೆ ಬರುತ್ತೆ. ಯಾವುದು ಏರುತ್ತೆ ಅಂತ ನನ್ನನ್ನು ಕೇಳಬೇಡಿ. ಷೆಡ್ಡಿನವನಿಗೆ ಗೊತ್ತಿರುವುದು ಇಷ್ಟೇ. ಮಂದಿ ಕಾರು ಕೊಳ್ಳುವುದು ಸ್ವಲ್ಪ ಕಡಿಮೆ ಮಾಡಿದರೆ ಕಾರಿನ ಕಂಪನಿ ಮೊದಲು ನಿಲ್ಲಿಸುವುದು ಹೊಸ ಮಿಷನ್ ಆರ್ಡರ್. 2008ರ ಕೊನೆಯಲ್ಲಿ ನೋಡಿದ್ದೇವೆ, 2019ರಲ್ಲೂ ನೋಡಿದ್ದೇವೆ. ಹೀಟ್ ಟ್ರೀಟ್‌ಮೆಂಟಿಗೂ ಏಟು ಬೀಳುತ್ತೆ, ಆದರೆ ತಡವಾಗಿ ಬೀಳುತ್ತೆ, ಬೇಗ ಏಳುತ್ತೆ. ಎಲೆಕ್ಟ್ರಿಕ್ ಗಾಡಿ ಬಂದರೆ ಪಿಸ್ಟನ್, ವಾಲ್ವ್ ಮಾಡುವವರ ಗತಿ ಏನು ಅಂತಲೂ ಕೇಳಿದ್ದಾರೆ. ಕಷ್ಟವೇ. ಅದಕ್ಕೇ ಒಂದೇ ಪಾರ್ಟನ್ನು ನಂಬಿದ ಮಿಷನ್ನಿಗಿಂತ ಎಲ್ಲರ ಪಾರ್ಟೂ ಬರುವ ಕುಲುಮೆ, ಅಳತೆ ರೂಮು ಮೇಲು ಅಂತ ನಾನು ಹೇಳುವುದು.

ಕೊನೆಗೆ ತಿಪಟೂರು ಕಡೆಯ ಯಜಮಾನರೊಬ್ಬರು ಎದ್ದು ನಿಂತರು. "ಸ್ವಾಮಿ, ಕೊಬ್ಬರಿ ದುಡ್ಡು ಒಂದಿಷ್ಟಿದೆ. ಮಗ ಸಿಎನ್‌ಸಿ ಹಾಕೋಣ ಅಂತ ಹಟ ಹಿಡಿದಿದ್ದಾನೆ. ಇಷ್ಟೆಲ್ಲ ಹೇಳಿದಿರಿ, ಹಾಕಲೋ ಬೇಡವೋ, ಒಂದೇ ಮಾತಲ್ಲಿ ಹೇಳಿ" ಅಂದರು.

ಒಂದೇ ಮಾತಲ್ಲಿ ಆಗುವುದಿಲ್ಲ ಯಜಮಾನರೇ ಅಂದೆ. ಸೋಮವಾರ ಬೆಳಗ್ಗೆ ಮಗನನ್ನು ಕರೆದುಕೊಂಡು ಪೀಣ್ಯಕ್ಕೆ ಬನ್ನಿ. ಭಾನುವಾರದ ರಜೆ ಮುಗಿದು ಎಲ್ಲರೂ ಕ್ರೇಟು ತರುವ ದಿನ ಅದು. ಯಾವುದಾದರೂ ಹೀಟ್ ಟ್ರೀಟ್‌ಮೆಂಟ್ ಘಟಕದ ಎದುರಿನ ಟೀ ಅಂಗಡಿಯಲ್ಲಿ ಎರಡು ಗಂಟೆ ಕೂರೋಣ. ಎಷ್ಟು ಗಾಡಿ ಬಂದವು, ಎಷ್ಟು ಹೊತ್ತು ಕಾದವು, ಬರೆದುಕೊಳ್ಳೋಣ. ಆಮೇಲೆ ಪಕ್ಕದ ಬೀದಿಯ ನಾಲ್ಕು ಸಿಎನ್‌ಸಿ ಷೆಡ್ಡುಗಳಿಗೆ ಹೋಗಿ ಎಷ್ಟು ಮಿಷನ್ ನಿಂತಿವೆ ಅಂತ ಎಣಿಸೋಣ. ಆಮೇಲೆ ನಿಮ್ಮ ಮಗ ಹೇಳಲಿ.

ಬರುತ್ತೇನೆ ಅಂದಿದ್ದಾರೆ. ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಕೊಂಡು ಬನ್ನಿ, ಅಲ್ಲಿ ನೆಲದ ತುಂಬಾ ಕಬ್ಬಿಣದ ಚೂರು ಅಂತ ಹೇಳಿ ಕಳಿಸಿದೆ.